ಮಳೆಗಾಳಿ ಕುಡಿದ ಕಾಫಿ

ಹಳೆ ಅಕ್ಕಿಯ ಅನ್ನ ಉದುರುದುರಾಗಿರುತ್ತದೆ ಎಂಬುದು ನಿಮಗೆ ಗೊತ್ತು. ಸ್ಪೇನ್ ದೇಶದ ರಿಯೋಹಾ ಪ್ರದೇಶದ 1964ರ ಕೊಯ್ಲಿನ ಕೆಂಪು ವೈನನ್ನು ಬಲ್ಲವರು ದಶಕಗಳ ಅನಂತರವೂ ಹುಡುಕಿ ಸವಿದಿದ್ದಾರೆ. ಸೀಸೆಯೊಳಗೆ ಟ್ಯಾನಿನ್ ಅಣುಗಳು ಒಂದಕ್ಕೊಂದು ಕೂಡಿಕೊಂಡು ಕೆಲವು ಗಸಿಯಾಗಿ ತಳ ಸೇರುತ್ತವೆ. ಒಗರು ತಗ್ಗುತ್ತದೆ, ಬಣ್ಣ ಇಟ್ಟಿಗೆಗೆ ತಿರುಗುತ್ತದೆ. ಹಾಗಾದರೆ ಬಾಬಾಬುಡನ್‌ಗಿರಿಯ ಕಾಫಿ ಬೀಜವನ್ನೂ ಹಳತು ಮಾಡಬಹುದೆ?

ಗೋಣಿಯಲ್ಲಿ ಸುಮ್ಮನೆ ಇಟ್ಟರೆ ಅದು ಸಪ್ಪೆಯಾಗುತ್ತದೆ, ಕಟ್ಟಿಗೆಯ ರುಚಿ ಬರುತ್ತದೆ. ಆದರೆ ಒಂದು ಅಪವಾದವಿದೆ. ಹಾಯಿಹಡಗುಗಳ ಕಾಲದಲ್ಲಿ ಪಶ್ಚಿಮ ಕರಾವಳಿಯ ಕಾಫಿ ಆಫ್ರಿಕದ ತುದಿಯನ್ನು ಬಳಸಿ ಯುರೋಪ್ ತಲಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲಿನ ತೇವ ಹೀರಿ ಬೀಜ ಊದಿ, ಹಸಿರು ಹೋಗಿ ಹೊನ್ನಿನ ಬಣ್ಣ ತಾಳುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳು ಬಂದವು, ಪ್ರಯಾಣ ಚಿಕ್ಕದಾಯಿತು. ಆ ರುಚಿಗೆ ಒಗ್ಗಿದ್ದ ಗಿರಾಕಿಗಳಿಗೆ ಮಾತ್ರ ಅದೇ ಬೇಕಿತ್ತು!

ಅದನ್ನು ಈಗ ಕರಾವಳಿಯ ಉಗ್ರಾಣಗಳಲ್ಲಿ ಬೇಕೆಂದೇ ಮಾಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಣ್ಣಿನೊಂದಿಗೇ ಒಣಗಿಸಿ ಸಿಪ್ಪೆ ತೆಗೆದ ಅರೇಬಿಕ ಬೀಜವನ್ನು ಗಾಳಿಯಾಡುವ ಕಟ್ಟಡದ ನೆಲದ ಮೇಲೆ ಹರವಿ, ಆಗಾಗ ಕೈಯಾಡಿಸುತ್ತಾರೆ. ಬಳಿಕ ಗೋಣಿಗಳಿಗೆ ಸಡಿಲವಾಗಿ ತುಂಬಿ, ನಡುವೆ ಗಾಳಿ ಹಾಯುವಂತೆ ಜೋಡಿಸುತ್ತಾರೆ. ಇದೇ 'ಮಾನ್ಸೂನ್ಡ್ ಮಲಬಾರ್'. 2008ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ದೊರೆಯಿತು. ಬಾಬಾಬುಡನ್‌ಗಿರಿ ಅರೇಬಿಕಕ್ಕೆ ದೊರೆತದ್ದು 2019ರಲ್ಲಿ.

ಎರಡನ್ನೂ ಪರೀಕ್ಷಕರಂತೆ ರುಚಿ ನೋಡಿ. ಹದವಾಗಿ ಹುರಿದು ತರಿತರಿಯಾಗಿ ಪುಡಿಮಾಡಿದ ಸುಮಾರು 8 ಗ್ರಾಂ ಕಾಫಿಗೆ, ಕುದಿದು ಕೊಂಚ ಆರಿದ 150 ಮಿಲಿಲೀಟರ್ ನೀರು ಹಾಕಿ. ಹಾಲು, ಸಕ್ಕರೆ, ಚಿಕೋರಿ ಬೇಡ. ಅವು ದೋಷವನ್ನೂ ಗುಣವನ್ನೂ ಮುಚ್ಚುತ್ತವೆ. 4 ನಿಮಿಷದ ಮೇಲೆ ತೇಲುವ ಕೆನೆಯನ್ನು ಚಮಚದಿಂದ ಒಡೆದು ಮೂಗನ್ನು ಹತ್ತಿರ ಒಯ್ಯಿರಿ. ಅನಂತರ ಚಮಚದಿಂದ ಸುರ್ರೆಂದು ಹೀರಿ. (ಮನೆಯಲ್ಲಿ ಬೈಗುಳ ಬಿದ್ದರೆ ವಿಜ್ಞಾನಕ್ಕಾಗಿ ಸಹಿಸಿಕೊಳ್ಳಿ.) ಹೀರಿದಾಗ ದ್ರವ ಸಣ್ಣ ಹನಿಗಳಾಗಿ ಸಿಡಿದು, ಸುವಾಸನೆಯ ಅಣುಗಳು ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತವೆ. ಮೂಗು ಹಿಡಿದು ಕುಡಿಯಿರಿ: ಉಳಿಯುವುದು ಹೆಚ್ಚಾಗಿ ಕಹಿ ಮತ್ತು ಹುಳಿ. ಮೂಗು ಬಿಟ್ಟೊಡನೆ ಕಾಫಿ ಮರಳಿ ಬರುತ್ತದೆ. ಬಟ್ಟಲು ಆರುತ್ತಿರುವಾಗಲೂ ನೋಡಿ; ಬಿಸಿ ಅಡಗಿಸಿದ್ದು ಆಗ ಬಯಲಾಗುತ್ತದೆ. ಗಿರಿಯ ಕಾಫಿಯಲ್ಲಿ ಹಿತವಾದ ಹುಳಿ ಕಾಣುತ್ತದೆ. ಮಳೆಗಾಳಿ ಕುಡಿದದ್ದರಲ್ಲಿ ಹುಳಿ ತೀರ ಕಡಿಮೆ, ಬಾಯಲ್ಲಿ ದಪ್ಪನೆಯ ಅನುಭವ, ಮಣ್ಣಿನ ಛಾಯೆ. ನನಗೆ ಗಿರಿಯದೇ ಮೇಲು. ನಿಮ್ಮ ನಾಲಗೆ ಒಪ್ಪದಿರಬಹುದು.

ಇಷ್ಟು ಓದಿ ಮೂಡಿಗೆರೆ, ಕಳಸದ ಕಡೆಯ ವಿದ್ಯಾರ್ಥಿ ಮನೆಯ ಬೀಜವನ್ನು ಮಳೆಗಾಳಿಗೆ ಇಡಬಾರದು. ಕಣದಲ್ಲಿ ಒಣಗಿದ ಕಾಫಿಯ ತೇವಾಂಶ ಶೇಕಡ 10–11 ಇರಬೇಕು. ಮಾನ್ಸೂನ್ಡ್ ಕಾಫಿಯಲ್ಲಿ ಅದು 13–14ಕ್ಕೆ ಏರುತ್ತದೆ. ಅಂತರ ಬೆರಳೆಣಿಕೆಯಷ್ಟು, ಆದರೆ ಅದರಾಚೆಗೆ ಬೂಷ್ಟು ಕಾದಿರುತ್ತದೆ. ಆಸ್ಪರ್ಜಿಲಸ್ ಜಾತಿಯ ಕೆಲವು ಬೂಷ್ಟುಗಳು ಮೂತ್ರಪಿಂಡಕ್ಕೆ ಹಾನಿಕರವಾದ ಆಕ್ರಟಾಕ್ಸಿನ್ ಎಂಬ ವಿಷವನ್ನು ಸ್ರವಿಸುತ್ತವೆ. ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಉಗ್ರಾಣದ ಕೆಲಸಗಾರರು ದಿನವಿಡೀ ಬೀಜದಲ್ಲಿ ಕೈಯಾಡಿಸುವುದು, ಗೋಣಿಯಿಂದ ಗೋಣಿಗೆ ಸುರಿಯುವುದು ಇದಕ್ಕೇ. ಒಂದೆಡೆ ತೇವ ನಿಂತರೆ ಆ ರಾಶಿಯೇ ಕೈಬಿಟ್ಟಂತೆ. ಮುಗ್ಗಲು ವಾಸನೆಯ ಒಂದು ಬಟ್ಟಲು ಸಿಕ್ಕರೆ ಪರೀಕ್ಷಕರು ಅದನ್ನು ನುಂಗುವುದಿಲ್ಲ, ಉಗಿದು ಬಾಯಿ ತೊಳೆದುಕೊಂಡು ಮುಂದಿನದಕ್ಕೆ ಹೋಗುತ್ತಾರೆ.