‘ಒಲ್ಲೆ’ ಎನ್ನಲೊಂದು ಜಾಗ

ಕನಕಪುರ, ಮಾಗಡಿಗಳ ಕಡೆಯಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತನು ಹರಾಜಿನ ಬೆಲೆಗೆ ಕಟ್ಟುಬಿದ್ದವನಲ್ಲ. ರೀಲರು ಏರಿಸಿದ ಕಡೆಯ ದರ ಹಿಡಿಸದಿದ್ದರೆ ‘ಒಲ್ಲೆ’ ಎನ್ನಬಹುದು. ಹರಾಜು ಗಣಕಯಂತ್ರಕ್ಕೆ ಏರಿದ ಮೇಲೂ ಆ ಹಕ್ಕು ಉಳಿದಿದೆ. ಅವನ ‘ಹೂಂ’ಗೆ ತೂಕ ಬಂದಿರುವುದು ಅದರಿಂದಲೇ.

ಅದೇ ರೈತನ ಮಗಳು ಚನ್ನಪಟ್ಟಣದ ಗೊಂಬೆಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವಳೆಂದು ಭಾವಿಸೋಣ. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಬಣ್ಣ ಹಿಡಿಸುತ್ತಿರುವ ಆಕೆಯ ಭಾವಚಿತ್ರವನ್ನು ಗೊಂಬೆಯ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಲು ಮಾಲೀಕರಿಗೆ ಆಸೆ. ಸಂಬಳದ ದಿನ ಹಾಳೆಯೊಂದನ್ನು ಮುಂದಿಟ್ಟು, “ಇಲ್ಲೊಂದು ರುಜು ಹಾಕಮ್ಮ” ಎಂದರೆ ಹಾಕಿಯೇ ಹಾಕುತ್ತಾಳೆ. ಅದು ಒಪ್ಪಿಗೆಯೋ, ಕೆಲಸ ಹೋದೀತೆಂಬ ಅಂಜಿಕೆಯೋ?

1872ರ ಕರಾರು ಕಾಯಿದೆಯು ಇಬ್ಬರೂ ಒಂದೇ ಸಂಗತಿಗೆ ಒಂದೇ ಅರ್ಥದಲ್ಲಿ ಸಮ್ಮತಿಸಿದರೆ ಮಾತ್ರ ಅದನ್ನು ಒಪ್ಪಿಗೆಯೆಂದು ಕರೆಯುತ್ತದೆ. ಬಲಾತ್ಕಾರವಾಗಲಿ ಅನುಚಿತ ಪ್ರಭಾವವಾಗಲಿ ಸೇರಿದರೆ ಅದು ಮುಕ್ತ ಒಪ್ಪಿಗೆಯಲ್ಲ. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು. ರೋಗಪರೀಕ್ಷೆಗೆ ಒಪ್ಪಿದ್ದ ಮಹಿಳೆ ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿಯ ಮಾತಿನ ಮೇಲೆ ಗರ್ಭಕೋಶವನ್ನು ತೆಗೆದುಹಾಕಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಇದನ್ನು ಖಚಿತವಾಗಿ ಹೇಳಿದೆ.

ಹಾಗಾದರೆ ಮಾಲೀಕರ ಹಾಳೆಯಲ್ಲಿ ಏನಿರಬೇಕು? ಯಾವ ಚಿತ್ರ, ಎಲ್ಲೆಲ್ಲಿ ಅಚ್ಚಾಗುವುದು, ಎಷ್ಟು ಕಾಲ, ಪ್ರತಿಫಲವೆಷ್ಟು ಎಂಬುದು ಆಕೆ ಆಡುವ ಕನ್ನಡದಲ್ಲಿಯೇ ಇರಲಿ. ವಕೀಲರ ಕನ್ನಡ ಕೆಲವೊಮ್ಮೆ ಇಂಗ್ಲಿಷಿಗಿಂತ ಕಠಿನ! ‘ಒಪ್ಪಿದ್ದೇನೆ’ ಎಂಬುದರ ಪಕ್ಕದಲ್ಲಿಯೇ, ಅಷ್ಟೇ ದಪ್ಪಕ್ಷರದಲ್ಲಿ, ‘ಒಪ್ಪಿಲ್ಲ’ ಎಂಬುದಕ್ಕೂ ಜಾಗವಿರಲಿ. ಒಪ್ಪದಿದ್ದರೆ ಕೆಲಸಕ್ಕೆ ಕುಂದಿಲ್ಲವೆಂದು ಬರೆದಿರಲಿ. ಸಂಬಳದ ದಿನವನ್ನು ಬಿಟ್ಟು, ಹಾಳೆಯನ್ನು ಮನೆಗೆ ಒಯ್ದು ಓದಿಸಿಕೊಂಡು ಬರಲು ಆಕೆಗೆ ಎರಡು ದಿನ ಬಿಡುವು ಕೊಡುವುದು ಲೇಸು.

ಗಣಕಯಂತ್ರಗಳಲ್ಲಿ ಕೂಡಿಡುವ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಬಂದ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಒಪ್ಪಿಗೆಯ ವಿಧಿಗಳ ಜಾರಿಗೆ 18 ತಿಂಗಳ ಅವಧಿ ದೊರೆತಿದೆ. ತಿಳಿವಳಿಕೆಯ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲೊಂದರಲ್ಲಾಗಲಿ ಓದುವ ಅವಕಾಶವಿರಬೇಕು; ಕನ್ನಡ ಅವುಗಳಲ್ಲೊಂದು. ತಕರಾರು ಎದ್ದರೆ, ಒಪ್ಪಿಗೆಯನ್ನು ಸರಿಯಾಗಿ ಪಡೆದೆನೆಂದು ರುಜುವಾತು ಮಾಡುವ ಹೊಣೆ ಪಡೆದವನದೇ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳುವಂತಿರಬೇಕು.

ಮದುವೆಯಾಗಿ ಬೇರೆ ಊರಿಗೆ ಹೋದ ಆ ಹುಡುಗಿ, “ನನ್ನ ಚಿತ್ರ ಸಾಕು” ಎಂದು ಬರೆದಳೆನ್ನಿ. ಅಷ್ಟರಿಂದ ಮೊದಲು ಮಾರಿದ ಪೆಟ್ಟಿಗೆಗಳು ತಪ್ಪಾಗವು. ಮುಂದಿನ ಅಚ್ಚಿಗೆ ಮಾಲೀಕರು ಬೇರೆ ಚಿತ್ರವನ್ನು ಹುಡುಕಬೇಕು.