ಕೊಕ್ಕೊಗೆ ಇನ್ನೊಬ್ಬ ಗಿರಾಕಿ

ಮಾರುವವರು ಸಾವಿರಾರು, ಕೊಳ್ಳುವವರು ಬೆರಳೆಣಿಕೆಯಷ್ಟು. ಇಂಥ ಕಡೆ ಬೆಲೆ ಎಲ್ಲಿ ನಿಲ್ಲುತ್ತದೆ ಎಂಬುದು ಅರ್ಥಶಾಸ್ತ್ರವನ್ನು ಬಹಳ ಹಿಂದಿನಿಂದ ಕಾಡಿದ ಪ್ರಶ್ನೆ. ಇಬ್ಬರೇ ವ್ಯಾಪಾರಿಗಳಿದ್ದಾಗ ಒಬ್ಬರ ಲಾಭದ ಲೆಕ್ಕ ಇನ್ನೊಬ್ಬರ ನಡೆಗೆ ಕಟ್ಟುಬಿದ್ದಿರುತ್ತದೆ ಎಂದು ಫ್ರಾನ್ಸಿನ ಕೂರ್ನೊ 1838ರಲ್ಲೇ ಗಣಿತದ ಮೂಲಕ ತೋರಿಸಿದ್ದರು. ಕೊಳ್ಳುವವರು ಒಬ್ಬರೇ ಇದ್ದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಜೋನ್ ರಾಬಿನ್ಸನ್ 1933ರಲ್ಲಿ ವಿವರಿಸಿದರು. 1950ರ ಹೊತ್ತಿಗೆ ಜಾನ್ ನ್ಯಾಶ್ ಇಂಥ ಲೆಕ್ಕಾಚಾರಗಳಿಗೆಲ್ಲ ಆಟದ ಸಿದ್ಧಾಂತದ ಚೌಕಟ್ಟು ಕೊಟ್ಟರು. ಆ ಸಿದ್ಧಾಂತದ ಅರ್ಧದಷ್ಟನ್ನು ದಕ್ಷಿಣ ಕನ್ನಡದ ಅಡಿಕೆ ತೋಟಗಳ ಚರಿತ್ರೆಯಲ್ಲೇ ಓದಬಹುದು.

ನೇತ್ರಾವತಿ ದಂಡೆಯ ನರಿಕೊಂಬಿನಿಂದ ವಿಟ್ಲ, ಅಡ್ಯನಡ್ಕದವರೆಗೆ ಬಂಟ್ವಾಳ ತಾಲೂಕಿನ ಕೃಷಿಕರ ಕೈಗೆ ಕಾಸು ಬರುವುದು ಮುಖ್ಯವಾಗಿ ಅಡಿಕೆಯಿಂದ. 1970ರ ದಶಕದ ಆರಂಭದಲ್ಲಿ ಧಾರಣೆ ನೆಲಕಚ್ಚಿತು. ವ್ಯಾಪಾರಿಗಳು ಕೆಲವರೇ ಆಗಿದ್ದು ದಿನವೂ ಪರಸ್ಪರರ ದರ ಕಾಣುವಂತಿದ್ದರೆ, ಒಟ್ಟಿಗೆ ಕೂತು ಮಾತಾಡದೆಯೂ ಬೆಲೆ ತಗ್ಗಿಸಿ ಇಡಬಹುದು. ಇಂದು ಒಬ್ಬ ಏರಿಸಿದರೆ ನಾಳೆ ಎಲ್ಲರೂ ಏರಿಸಬೇಕಾಗುತ್ತದೆ. ಹಾಗಾಗಿ ಯಾರೂ ಮೊದಲು ಏರಿಸುವುದಿಲ್ಲ. ಇಂಥ ಹೊತ್ತಿನಲ್ಲೇ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರ ಜುಲೈಯಲ್ಲಿ ಹುಟ್ಟಿತು. ಅದು ವ್ಯಾಪಾರಿಗಳನ್ನು ಓಡಿಸಬೇಕಾಗಿರಲಿಲ್ಲ. ಬೆಲೆ ತಗ್ಗಿಸುವುದರಲ್ಲಿ ಆಸಕ್ತಿಯೇ ಇಲ್ಲದ ಒಬ್ಬ ಗಿರಾಕಿ ಪೇಟೆಗೆ ಇಳಿದರೆ ಉಳಿದವರ ಲೆಕ್ಕ ತಾನಾಗಿ ಬದಲಾಗುತ್ತದೆ. ಅಮೆರಿಕದ ಎಡ್ವಿನ್ ನೋರ್ಸ್ ಸಹಕಾರಿ ಸಂಸ್ಥೆಯನ್ನು ಪೈಪೋಟಿಯ ಅಳತೆಗೋಲು ಎಂದದ್ದು ಈ ಅರ್ಥದಲ್ಲೇ.

ಆದರೆ ನಿಜವಾದ ಪರೀಕ್ಷೆ ಬಂದದ್ದು ಕೊಕ್ಕೊದಲ್ಲಿ. ಅಡಿಕೆ ಮರಗಳ ನೆರಳಲ್ಲಿ ಉಪಬೆಳೆಯಾಗಿ ಹಬ್ಬಿದ ಈ ಗಿಡಕ್ಕೆ ಚಾಕೊಲೇಟು ಕಂಪೆನಿಗಳ ಪ್ರೋತ್ಸಾಹವೂ ಇತ್ತು. 1979–80ರಲ್ಲಿ ಜಾಗತಿಕ ಧಾರಣೆ ಕುಸಿದಾಗ ಖರೀದಿದಾರರು ಹಿಂದೆ ಸರಿದರು. ಅಡಿಕೆಯಾದರೆ ಅಂಗಳದಲ್ಲಿ ಒಣಗಿಸಿ, ಸಿಪ್ಪೆ ಸುಲಿದು ಚಾಲಿ ಮಾಡಿ, ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೇರಿಸಬಹುದು. ಮರುವರ್ಷ ಅದು ಹಳೆ ಅಡಿಕೆಯಾಗಿ ಹೆಚ್ಚು ಬೆಲೆ ತರುವುದೂ ಉಂಟು. ಕೊಕ್ಕೊ ಹಾಗಲ್ಲ. ಕೋಡು ಒಡೆದು ತೆಗೆದ ಹಸಿ ಬೀಜದ ಬಿಳಿ ಲೋಳೆ ಬೇಗನೆ ಹುಳಿಯತೊಡಗುತ್ತದೆ. ಹುದುಗಿಸಿ ಒಣಗಿಸುವ ಏರ್ಪಾಡು ಮನೆಯಲ್ಲಿಲ್ಲದವರು ಅಂದೋ ಮರುದಿನವೋ ಕೊಟ್ಟುಬಿಡಬೇಕು. ಕಾಯಲಾರದವರಿಗೆ ಚೌಕಾಸಿಯ ಬಲವಿಲ್ಲ ಎಂಬ ಸೂತ್ರ ಇದಕ್ಕಿಂತ ಕಟುವಾಗಿ ಎಲ್ಲೂ ಕಾಣುವುದಿಲ್ಲ.

ಆಗ ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿಯಿತು. ಮುಂದೆ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ಕಟ್ಟಿತು. 1986ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಈ ಹೆಜ್ಜೆಯ ಚಾಣಾಕ್ಷತನಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ. ‘ಮುಂದೆಯೂ ಕೊಳ್ಳುತ್ತೇವೆ’ ಎಂದು ಯಾರು ಬೇಕಾದರೂ ಹೇಳಬಹುದು. ದರ ಬಿದ್ದ ದಿನ ಆ ಮಾತಿನಿಂದ ಜಾರಿಕೊಳ್ಳಲೂಬಹುದು. ಹೂಡಿದ ಬಂಡವಾಳ ಹಿಂದಕ್ಕೆ ಬಾರದಂಥ ಯಂತ್ರಗಳನ್ನು ನಿಲ್ಲಿಸಿದ ಸಂಸ್ಥೆಗೆ ಬೀಜ ಬೇಕೇ ಬೇಕು. ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡವರ ಮಾತಿಗೆ ತೂಕ ಬರುತ್ತದೆ ಎಂದು ಥಾಮಸ್ ಶೆಲ್ಲಿಂಗ್ 1960ರ ಪುಸ್ತಕದಲ್ಲಿ ವಾದಿಸಿದ್ದರು. ಪುತ್ತೂರಿನ ಕಾರ್ಖಾನೆ ಅಂಥ ಬದ್ಧತೆ.

ಒಗ್ಗಟ್ಟಿಗೂ ತನ್ನದೇ ಸಂಕಟವಿದೆ. ಸಂಸ್ಥೆಯಿಂದಾಗಿ ಪೇಟೆ ದರ ಏರಿದರೆ ಸದಸ್ಯರಲ್ಲದವರಿಗೂ ಲಾಭ. ಖಾಸಗಿ ವ್ಯಾಪಾರಿ ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟ ದಿನ ಸದಸ್ಯನಿಗೂ ಅತ್ತ ಹೋಗುವ ಆಸೆ. ಒಬ್ಬ ಹೋದರೆ ನಷ್ಟವಿಲ್ಲ. ಎಲ್ಲರೂ ಹೋದರೆ ದರ ಎತ್ತಿ ಹಿಡಿದ ಗಿರಾಕಿಯೇ ಇಲ್ಲವಾಗುತ್ತಾನೆ. ಆಟದ ಸಿದ್ಧಾಂತದಲ್ಲಿ ಕೈದಿಗಳ ಇಕ್ಕಟ್ಟು ಎನ್ನುವುದು ಇದನ್ನೇ. ಧಾರಣೆ ಚೆನ್ನಾಗಿರುವ ವರ್ಷಗಳಲ್ಲಿ 1980ರ ಕುಸಿತದ ನೆನಪು ಮಾಸುವುದು ಇದೇ ಕಾರಣಕ್ಕೆ ಆತಂಕದ ಸಂಗತಿ.

ಚಾಕೊಲೇಟು ಮಾರುವ ಪೇಟೆಯಲ್ಲಿ ಪಾತ್ರ ಅದಲುಬದಲು. ಬೆಳೆಗಾರರ ಊರಲ್ಲಿ ದೊಡ್ಡ ಗಿರಾಕಿಯಾದ ಕ್ಯಾಂಪ್ಕೊ ಅಲ್ಲಿ ಸಣ್ಣ ಸ್ಪರ್ಧಿ. ಜಾಹೀರಾತಿಗೆ ಹಣ ಸುರಿಯಬಲ್ಲ ಬಹುರಾಷ್ಟ್ರೀಯ ಕಂಪೆನಿಗಳೆದುರು ಅದರ ಮೆಲ್ಟೊ, ಟರ್ಬೊಗಳು ಅಂಗಡಿಯ ಕಪಾಟಿನಲ್ಲಿ ಜಾಗಕ್ಕಾಗಿ ಸೆಣಸಬೇಕು.