ಮೂರು ಭಾಷೆ ಬಂದವರಿಗೆ ಕೆಲಸ ಎಲ್ಲಿದೆ?

ಬೆಳಗಾವಿಯ ಕಾಲೇಜು ಹುಡುಗರನ್ನು ‘ನಿಮಗೆ ಎಷ್ಟು ಭಾಷೆ ಬರುತ್ತವೆ?’ ಎಂದು ಕೇಳಿ ನೋಡಿ. ಬೆರಳು ಮಡಚುತ್ತ ಹೋಗುತ್ತಾರೆ: ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್. ಕೆಲವರಿಗೆ ಉರ್ದು, ಖಾನಾಪುರ ತಾಲ್ಲೂಕಿನ ಲೋಂಡಾ ಕಡೆಯಿಂದ ಬಂದವರಿಗೆ ಕೊಂಕಣಿಯೂ ಉಂಟು. ಇಷ್ಟನ್ನೂ ಅವರು ಬಯೋಡೇಟಾದಲ್ಲಿ ಬರೆಯುವುದು ಕಟ್ಟಕಡೆಗೆ, ಹವ್ಯಾಸಗಳ ಪಕ್ಕದ ಒಂದು ಸಾಲಿನಲ್ಲಿ. ಭಾಷೆ ಬರುವುದೆಂದರೆ ಈ ಊರಿನಲ್ಲಿ ಹುಟ್ಟಿದ್ದಕ್ಕೆ ಪುಕ್ಕಟೆ ಸಿಕ್ಕ ವಸ್ತು, ಅದಕ್ಕೆ ಬೆಲೆ ಕಟ್ಟುವವರು ಯಾರು ಎಂಬ ಭಾವನೆ ಮಕ್ಕಳಲ್ಲಷ್ಟೇ ಅಲ್ಲ, ಅಪ್ಪ ಅಮ್ಮಂದಿರಲ್ಲೂ ಮೇಷ್ಟ್ರುಗಳಲ್ಲೂ ಇದೆ.

ಒಂದು ಸಂಸ್ಕೃತಿಯ ಜನ ಇನ್ನೊಂದು ಸಂಸ್ಕೃತಿಯವರೊಡನೆ ಮಾತಾಡುವಾಗ ಏನು ದಾಟುತ್ತದೆ, ಏನು ದಾರಿಯಲ್ಲೇ ಉದುರಿಹೋಗುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ನೋಡುವ ವಿದ್ಯೆಗೆ ಅಂತರ್‌ಸಾಂಸ್ಕೃತಿಕ ಸಂವಹನ ಎಂದು ಹೆಸರು. ಅದರ ಓದು, ಅದರಿಂದ ಸಿಗುವ ಉದ್ಯೋಗಗಳ ಬಗ್ಗೆ ನಮ್ಮ ಭಾಗದಲ್ಲಿ ಕೇಳಿಬರುವ ಕೆಲವು ಮಾತುಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

‘ಅದು ಅಮೆರಿಕಾದವರ ವಿಷಯ, ನಮಗ್ಯಾಕ?’

ಅಮೆರಿಕದ ರಾಜತಾಂತ್ರಿಕರಿಗೆ ತರಬೇತಿ ಕೊಡುತ್ತಿದ್ದ ಎಡ್ವರ್ಡ್ ಹಾಲ್ 1959ರಲ್ಲಿ ಬರೆದ ‘ದಿ ಸೈಲೆಂಟ್ ಲ್ಯಾಂಗ್ವೇಜ್’ ಪುಸ್ತಕದಿಂದ ಈ ವಿದ್ಯೆಯ ಕಥೆ ಶುರುವಾಗುತ್ತದೆ ಎಂದು ಪಠ್ಯಗಳು ಹೇಳುತ್ತವೆ. ಸುಳ್ಳಲ್ಲ, ಆದರೆ ಅದು ಅರ್ಧ ಕಥೆ. ಇನ್ನರ್ಧ ನಡೆದದ್ದು ನಮ್ಮ ಪಕ್ಕದ ಸಾಂಗಲಿ ಜಿಲ್ಲೆಯಲ್ಲಿ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಜಾನ್ ಗಂಪರ್ಜ್, ರಾಬರ್ಟ್ ವಿಲ್ಸನ್ ಎಂಬವರೊಡನೆ ಸೇರಿ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಕುಪ್ವಾರ ಎಂದು ಕರೆದ ಆ ಹಳ್ಳಿಯಲ್ಲಿ ಜೈನರು ಮತ್ತು ಲಿಂಗಾಯತರು ಕನ್ನಡ ಆಡುತ್ತಿದ್ದರು, ಮುಸ್ಲಿಮರು ಉರ್ದು, ದಲಿತರು ಮರಾಠಿ. ಹಗ್ಗ ಹೊಸೆಯುವ ಕೆಲವು ಮನೆಗಳಲ್ಲಿ ತೆಲುಗು. ಶತಮಾನಗಳಿಂದ ಒಂದೇ ಬಾವಿ, ಒಂದೇ ಹೊಲ, ಒಂದೇ ಸಂತೆ ಹಂಚಿಕೊಂಡ ಈ ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿಬಿಟ್ಟಿತ್ತು. ‘ಇದು ನಿಮ್ಮ ಮನೆ’ ಎಂಬಲ್ಲಿಗೆ ಉಳಿದ ಕನ್ನಡ ನಿಲ್ಲಿಸಿದರೆ, ಅಲ್ಲಿನ ಕನ್ನಡ ಮರಾಠಿಯ ‘ಆಹೇ’ಗೆ ಸರಿಯಾಗಿ ಕೊನೆಗೊಂದು ‘ಐತಿ’ ಸೇರಿಸುತ್ತಿತ್ತು. ಅಲ್ಲಿನ ಉರ್ದು ತನ್ನ ಲಿಂಗವ್ಯವಸ್ಥೆಯನ್ನು ಸಡಿಲಿಸಿ, ಕನ್ನಡದ ಹಾಗೆ ಮನುಷ್ಯರಲ್ಲಿ ಮಾತ್ರ ಸ್ತ್ರೀಲಿಂಗ ಉಳಿಸಿಕೊಂಡಿತ್ತು. ಶಬ್ದಗಳು ಮಾತ್ರ ಬೇರೆಬೇರೆ. ಮನೆಯೊಳಗೆ ಪ್ರತಿಯೊಬ್ಬರೂ ತಮ್ಮತಮ್ಮ ಭಾಷೆ ಕಾಪಾಡಿಕೊಂಡಿದ್ದರು, ಹೊರಗಿನ ವ್ಯವಹಾರ ಹೆಚ್ಚಾಗಿ ಮರಾಠಿಯಲ್ಲಿ ನಡೆಯುತ್ತಿತ್ತು. ಜಗತ್ತಿನ ಭಾಷಾವಿಜ್ಞಾನ ತರಗತಿಗಳಲ್ಲಿ ಇಂದಿಗೂ ಈ ಹಳ್ಳಿಯ ಹೆಸರು ಬರುತ್ತದೆ. ಬೀಡಿ, ಇಟಗಿ ಕಡೆಯ ಕನ್ನಡವನ್ನೂ ಜಾಂಬೋಟಿ, ಕಣಕುಂಬಿ ಕಡೆಯ ಮರಾಠಿಯನ್ನೂ ಕೇಳಿ ಬೆಳೆದ ಖಾನಾಪುರದ ವಿದ್ಯಾರ್ಥಿಗೆ ಆ ಲೇಖನ ಓದಿದರೆ ತನ್ನ ಊರನ್ನೇ ನೋಡಿದಂತಾಗುತ್ತದೆ.

ಬೆಳಗಾವಿಯ ಇನ್ನೊಂದು ಉದಾಹರಣೆ ಎಲ್ಲರಿಗೂ ಗೊತ್ತಿರಬೇಕಾದದ್ದು. 1950ರ ದಶಕದಲ್ಲಿ ಇಲ್ಲಿನ ಲಿಂಗರಾಜ ಕಾಲೇಜಿನಲ್ಲಿ ಎ.ಕೆ. ರಾಮಾನುಜನ್ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಮೈಸೂರಿನ ತಮಿಳು ಮನೆಯಲ್ಲಿ ಹುಟ್ಟಿದವರು. ಈ ಸೀಮೆಯಲ್ಲಿದ್ದಾಗ ಕನ್ನಡದ ಜನಪದ ಕಥೆಗಳನ್ನು ಕಲೆಹಾಕಿದರು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗಿ ಭಾಷಾವಿಜ್ಞಾನ ಓದಿದರು, 1959ರಲ್ಲಿ ಅಮೆರಿಕಕ್ಕೆ ತೆರಳಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು, ಮುಂದೆ ಶಿಕಾಗೋದಲ್ಲಿ ಪ್ರಾಧ್ಯಾಪಕರಾದರು. 1973ರಲ್ಲಿ ಬಂದ ಅವರ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ವಚನಗಳು ಜಗತ್ತಿನ ಓದುಗರನ್ನು ಮುಟ್ಟಿದವು. ಹಲವು ಭಾಷೆಯ ನಡುವೆ ಬದುಕುವುದು ಅವರಿಗೆ ಹುಟ್ಟಿನಿಂದ ಬಂದಿತ್ತು. ಅದನ್ನು ವೃತ್ತಿಯಾಗಿಸಿಕೊಳ್ಳಲು ಅವರು ಓದಬೇಕಾಯಿತು.

‘ಭಾಷಾ ಬಂದರ ಸಾಕು, ಅದರಾಗ ಕಲಿಯೂದೇನೈತಿ?’

ಎಲ್ಲಕ್ಕಿಂತ ಆಳವಾಗಿ ಬೇರುಬಿಟ್ಟ ತಪ್ಪು ತಿಳಿವಳಿಕೆ ಇದು. ಹೆಚ್ಚು ಹಾನಿ ಮಾಡುತ್ತಿರುವುದೂ ಇದೇ.

ಗಂಪರ್ಜ್ ಅವರೇ ದಾಖಲಿಸಿದ ಒಂದು ಘಟನೆ ನೋಡಿ. ಬ್ರಿಟನ್ನಿನ ದೊಡ್ಡದೊಂದು ವಿಮಾನ ನಿಲ್ದಾಣದ ನೌಕರರ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನದ ಹೆಣ್ಣುಮಕ್ಕಳು ಬಡಿಸುವ ಕೆಲಸಕ್ಕೆ ಸೇರಿದ್ದರು. ಊಟದ ಜೊತೆ ಗ್ರೇವಿ ಬೇಕೇ ಎಂದು ಕೇಳುವಾಗ ಅವರು ‘ಗ್ರೇವಿ’ ಎಂಬ ಒಂದೇ ಮಾತನ್ನು ದನಿ ಇಳಿಸಿ ಹೇಳುತ್ತಿದ್ದರು. ಇಂಗ್ಲಿಷರು ಅದೇ ಮಾತನ್ನು ದನಿ ಏರಿಸಿ ಕೇಳುತ್ತಾರೆ. ಇಳಿದ ದನಿ ಅವರ ಕಿವಿಗೆ ‘ಬೇಕಾದರೆ ತಗೋ’ ಎಂಬಷ್ಟು ಒರಟಾಗಿ ಬಿತ್ತು. ಈ ಹೆಂಗಸರು ಉದ್ಧಟರು ಎಂದು ದೂರು ಹೋಯಿತು. ನಮ್ಮ ಮೇಲೆ ತಾರತಮ್ಯ ನಡೆಯುತ್ತಿದೆ ಎಂದು ಅವರಿಗೂ ಅನಿಸಿತು. ಇಬ್ಬರ ಮಾತನ್ನೂ ಧ್ವನಿಮುದ್ರಿಸಿ, ಎಲ್ಲರನ್ನೂ ಕೂರಿಸಿ ಕೇಳಿಸಿದ ಮೇಲೆ ತಿಳಿಯಿತು: ತಪ್ಪಿದ್ದದ್ದು ಮನಸ್ಸಿನಲ್ಲಿ ಅಲ್ಲ, ದನಿಯ ಏರಿಳಿತದಲ್ಲಿ. ಇಂಥ ಕೆಲಸದ ಆಧಾರದ ಮೇಲೆ 1979ರಲ್ಲಿ ಬಿಬಿಸಿ ‘ಕ್ರಾಸ್‌ಟಾಕ್’ ಎಂಬ ತರಬೇತಿ ಚಿತ್ರವನ್ನೇ ಮಾಡಿತು. ಆ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಶಬ್ದ ಗೊತ್ತಿತ್ತು ಎಂಬುದನ್ನು ಗಮನಿಸಿ.

ಈಗ ಇದನ್ನು ಬೆಳಗಾವಿಯ ಆಸ್ಪತ್ರೆಗಳಿಗೆ ತನ್ನಿ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಂತರರಾಷ್ಟ್ರೀಯ ಜಾಲವೊಂದರ ಜೊತೆ ಸೇರಿ ತಾಯಿ ಮಕ್ಕಳ ಆರೋಗ್ಯದ ಬಗ್ಗೆ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಅಧ್ಯಯನ ನಡೆಸುತ್ತಿದ್ದಾರೆ. ಹೆರಿಗೆಯಾದ ಮೇಲಿನ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ನೆರವಾಗುತ್ತದೆಯೇ ಎಂದು ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಹಿಳೆಯರೊಂದಿಗೆ ನಡೆಸಿದ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಜಗತ್ತಿನ ಬಡ ತಾಯಂದಿರಿಗೆಲ್ಲ ಉಪಯೋಗಕ್ಕೆ ಬಂದ ಫಲಿತಾಂಶ ಅದು.

ಇಂಥ ಯಾವ ಅಧ್ಯಯನವೇ ಆಗಲಿ, ಪ್ರತಿ ಮಹಿಳೆಗೂ ಅದು ಏನು, ಅಪಾಯವೇನು, ‘ಬೇಡ’ ಎನ್ನುವ ಹಕ್ಕು ಆಕೆಗಿದೆ ಎಂಬುದನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮಗಳು ಹಾಗೆಂದು ವಿಧಿಸುತ್ತವೆ. ಇಂಗ್ಲಿಷಿನ ಒಪ್ಪಿಗೆ ಪತ್ರವನ್ನು ಒಬ್ಬರು ಕನ್ನಡಕ್ಕೋ ಮರಾಠಿಗೋ ತರುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ಒಯ್ಯುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಥ ಎಲ್ಲಿ ಜಾರಿದೆ ಎಂದು ಕಾಣುತ್ತದೆ. ಬರಹದ ಕಥೆ ಇದಾಯಿತು. ಬಾಯಿಮಾತಿನದು ಇನ್ನೂ ಸೂಕ್ಷ್ಮ. ನಮ್ಮ ಹಳ್ಳಿಯ ಅಜ್ಜಿ ಡಾಕ್ಟರರ ಮಾತಿಗೆ ‘ಹೂಂ, ಹೂಂ’ ಎಂದರೆ ‘ಕೇಳಿಸ್ಕೊಳ್ಳಾಕತ್ತೀನಿ’ ಎಂದಷ್ಟೇ ಅರ್ಥ ಇರಬಹುದು. ಬೇರೆ ರಾಜ್ಯದಿಂದ ಬಂದ ಯುವ ವೈದ್ಯರು ಅದನ್ನು ಒಪ್ಪಿಗೆ ಎಂದು ಬರೆದುಕೊಂಡರೆ ದೊಡ್ಡ ಪ್ರಮಾದ. ಅಲ್ಲಿ ನಿಲ್ಲಿಸಿ, ‘ಆಯಿ, ಈಗ ಹೇಳಿದ್ದನ್ನ ನಿಮ್ಮ ಮಾತಿನಾಗ ನಮಗ ಹೇಳ್ರಿ ನೋಡೂಣು’ ಎಂದು ಕೇಳುವುದು ಒಂದು ಕಲಿತ ಕ್ರಮ. ಎರಡು ಭಾಷೆ ಬಂದ ಮಾತ್ರಕ್ಕೆ ಅದು ಹೊಳೆಯುವುದಿಲ್ಲ. ಇಂದು ಈ ಕೆಲಸವನ್ನು ಹೆಚ್ಚಿನ ಕಡೆ ವಾರ್ಡಿನ ಆಯಾ, ಪಕ್ಕದ ಹಾಸಿಗೆಯವರ ಮಗ, ಕಾವಲುಗಾರ ಮಾಡುತ್ತಾರೆ. ಪುಣ್ಯಾತ್ಮರು, ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಔಷಧದ ಪ್ರಮಾಣ ತಪ್ಪಿದರೆ ಒಳ್ಳೆಯ ಮನಸ್ಸು ರೋಗಿಯನ್ನು ಕಾಯುವುದಿಲ್ಲ.

ನ್ಯಾಯಾಲಯದಲ್ಲೂ ಇದೇ ಮಾತು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ತೆರೆದ ನ್ಯಾಯಾಲಯದಲ್ಲಿಯೇ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂಬುದು ಕಾನೂನು. ಹೇಳುವವನು ಒಂದು ಮಾತು ಕೂಡಿಸಬಾರದು, ಒಂದು ಮಾತು ಬಿಡಬಾರದು, ಸಮಾಧಾನ ಹೇಳಲೂ ಹೋಗಬಾರದು.

‘ಗಡಿ ಅಂದ್ರ ಜಗಳ, ಇನ್ನೇನು?’

ಗಡಿ ವ್ಯಾಜ್ಯ 1956ರ ರಾಜ್ಯ ಪುನರ್ವಿಂಗಡಣೆಯಿಂದ ಇದೆ, 2004ರಿಂದ ಸುಪ್ರೀಂ ಕೋರ್ಟಿನ ಮುಂದೆಯೂ ಇದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಈ ನೆಲದ ಸಂಪರ್ಕದ ಚರಿತ್ರೆ ಅದಕ್ಕಿಂತ ಬಹಳ ಹಳೆಯದು, ಬಹಳ ದೊಡ್ಡದು. ಮರಾಠಿ ರಂಗಭೂಮಿಯ ಮೊದಲ ನಾಟಕವೆನ್ನುವ ವಿಷ್ಣುದಾಸ ಭಾವೆಯವರ 1843ರ ‘ಸೀತಾ ಸ್ವಯಂವರ’ಕ್ಕೆ ಪ್ರೇರಣೆ, ಹೊನ್ನಾವರದ ಕರ್ಕಿಯಿಂದ ಸಾಂಗಲಿಗೆ ಹೋಗಿದ್ದ ನಮ್ಮ ಮೇಳದ ಆಟ. ಅದೇ 1843ರಲ್ಲಿ ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದರು. 1880ರಲ್ಲಿ ಅವರ ‘ಸಂಗೀತ ಶಾಕುಂತಲ’ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿತು. ಆ ಗುರ್ಲಹೊಸೂರಿನಲ್ಲೇ 1896ರಲ್ಲಿ ಶಂಬಾ ಜೋಶಿ ಹುಟ್ಟಿದರು. ಮರಾಠಿ ಸಂಸ್ಕೃತಿಯ ಒಳಗಿನ ಕನ್ನಡದ ಬೇರುಗಳನ್ನು ಹುಡುಕುತ್ತ ಅವರು ಮರಾಠಿಯಲ್ಲೇ ಪುಸ್ತಕ ಬರೆದರು. ಎದುರಿನವರಿಗೆ ಒಪ್ಪಿಗೆಯಾಗದ ವಾದವನ್ನು ಅವರ ಭಾಷೆಯಲ್ಲೇ, ಅವರ ಆಕರಗಳನ್ನೇ ಇಟ್ಟು ಮಂಡಿಸುವ ಧೈರ್ಯ ಅದು. ಇಂದು ಗಡಿಯ ಬಗ್ಗೆ ಮಾತಾಡುವವರಲ್ಲಿ ಎಷ್ಟು ಜನರಿಗೆ ಆ ಶಕ್ತಿ ಇದೆ?

‘ಕನ್ನಡ ಮರಾಠಿ ಜೋಡಿಗೆ ಎಲ್ಲಿಯ ನೌಕರಿ?’

‘ಅಂತರ್‌ಸಾಂಸ್ಕೃತಿಕ ಸಂವಹನಕಾರರು ಬೇಕಾಗಿದ್ದಾರೆ’ ಎಂಬ ಜಾಹೀರಾತು ಬರುವುದಿಲ್ಲ, ನಿಜ. ಕೆಲಸ ಬೇರೆ ಹೆಸರಿನಲ್ಲಿ ಬರುತ್ತದೆ.

ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಕ್ರಮಗಳ ಪ್ರಕಾರ, ಒಂದು ತಾಲ್ಲೂಕಿನಲ್ಲಿ ಒಂದು ಭಾಷಿಕರು ಶೇ 15ರಷ್ಟಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕು. ಖಾನಾಪುರದಲ್ಲಿ ಮರಾಠಿ ಮನೆಮಾತಿನವರೇ ಹೆಚ್ಚು. ಈ ಕ್ರಮಗಳ ಪಾಲನೆ ನೋಡುವ ಕೇಂದ್ರ ಆಯುಕ್ತರ ಹುದ್ದೆ ಸಂವಿಧಾನದ 350ಬಿ ವಿಧಿಯಿಂದ ಬಂದದ್ದು, ಅದರ ಪ್ರಾದೇಶಿಕ ಕಚೇರಿಗಳಲ್ಲಿ ಒಂದು ಬೆಳಗಾವಿಯಲ್ಲೇ ಇದೆ. ಕರ್ನಾಟಕದ ಶಾಲಾ ಪಠ್ಯಗಳು ಮರಾಠಿ, ಉರ್ದು ಸೇರಿ ಏಳು ಮಾಧ್ಯಮಗಳಲ್ಲಿ ಅಚ್ಚಾಗುತ್ತವೆ; ಅವುಗಳಿಗೆ ಅನುವಾದಕರು ಬೇಕು. 2015ರ ಕನ್ನಡ ಕಲಿಕಾ ಕಾಯ್ದೆಯಂತೆ ಮರಾಠಿ ಶಾಲೆಯ ಮಗುವೂ ಕನ್ನಡ ಕಲಿಯಬೇಕು. ಮನೆಯಲ್ಲಿ ಕನ್ನಡ ಕೇಳದ ಮಗುವಿಗೆ ಅದನ್ನು ಪ್ರೀತಿಯಿಂದ ಕಲಿಸುವ ವಿಧಾನ ಗೊತ್ತಿರುವ ಶಿಕ್ಷಕರು ಖಾನಾಪುರದ ಕಾಡಂಚಿನ ಶಾಲೆಗಳಿಗೆ ಬೇಕು. ಕನ್ನಡದ ಬಗ್ಗೆ ಕಾಳಜಿ ಇರುವ ಯಾರೂ ಇದನ್ನು ಸಣ್ಣ ಕೆಲಸ ಎನ್ನಲಾರರು.

ಧಾರವಾಡದ ಹೈಕೋರ್ಟ್ ಪೀಠ, ಜಿಲ್ಲಾ ನ್ಯಾಯಾಲಯಗಳು, ರಾಜ್ಯದ ಭಾಷಾಂತರ ನಿರ್ದೇಶನಾಲಯ ಭಾಷಾಂತರಕಾರರನ್ನು ನೇಮಿಸಿಕೊಳ್ಳುತ್ತವೆ. ಭೀಮಗಡ ವನ್ಯಧಾಮದೊಳಗಿನ ಹಳ್ಳಿಗಳ ಪುನರ್ವಸತಿಯಂಥ ವಿಷಯದಲ್ಲಿ ಗವಳಿ ಕುಟುಂಬಗಳ ಮಾತನ್ನು ಅಧಿಕಾರಿಗೆ, ಅಧಿಕಾರಿಯ ಮಾತನ್ನು ಅವರಿಗೆ ಕುಂದಿಲ್ಲದೆ ಮುಟ್ಟಿಸುವವರು ಇಲ್ಲದಿದ್ದರೆ ಒಪ್ಪಂದಕ್ಕೆ ಅರ್ಥವೇ ಇಲ್ಲ. ಹತ್ತರಗಿಯ ಏಕಸ್ ವಿಮಾನ ಬಿಡಿಭಾಗಗಳ ವಲಯದಂಥ ಕಡೆ ವಿದೇಶಿ ಗ್ರಾಹಕರೊಡನೆ ನಿತ್ಯ ಮಾತುಕತೆ ಇರುತ್ತದೆ. ಮರಾಠಿಯ ಹಳೆಯ ಮೋಡಿ ಲಿಪಿಯ ದಾಖಲೆ ಓದಬಲ್ಲವರು ತೀರ ವಿರಳ, ಆಸ್ತಿ ವ್ಯಾಜ್ಯಗಳು ಮಾತ್ರ ವಿರಳವಲ್ಲ.

‘ಇನ್ನ ಮುಂದ ಯಂತ್ರನ ಅನುವಾದ ಮಾಡ್ತದ’

ಮಾಡುತ್ತದೆ, ಮಾಡುತ್ತಲೂ ಇದೆ. ಕೇಂದ್ರದ ‘ಭಾಷಿಣಿ’ ಯೋಜನೆ 2022ರಲ್ಲಿ ಶುರುವಾಯಿತು, ಸುಪ್ರೀಂ ಕೋರ್ಟ್ ‘ಸುವಾಸ್’ ತಂತ್ರಾಂಶವನ್ನು 2019ರಿಂದ ಬಳಸುತ್ತಿದೆ. ಇವುಗಳಿಗೆ ಮಾದರಿ ವಾಕ್ಯ ಒದಗಿಸುವವರು, ತಪ್ಪು ಹಿಡಿಯುವವರು ಎರಡೂ ಭಾಷೆ ಬಲ್ಲ ಮನುಷ್ಯರೇ. ಜಾಂಬೋಟಿಯ ಮುದುಕಿಯ ಮಾತು ಯಾವ ಯಂತ್ರದ ಮಾದರಿಯಲ್ಲಿ ಸೇರಿದೆ ಎಂದು ಕೇಳುವವರೂ ಬೇಕಲ್ಲವೇ?

‘ಕಲೀಬೇಕಂದ್ರ ಫಾರಿನ್ನಿಗೇ ಹೋಗಬೇಕು’

ಈ ಹೆಸರಿನ ಪದವಿ ನಮ್ಮಲ್ಲಿ ಅಪರೂಪ, ಒಪ್ಪೋಣ. ಅದಕ್ಕೆ ಬೇಕಾದ ಓದು ಮಾತ್ರ ಹತ್ತಿರದಲ್ಲೇ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನ, ಇಗ್ನೊದಲ್ಲಿ ಮನೆಯಲ್ಲೇ ಕೂತು ಓದಬಹುದಾದ ಅನುವಾದದ ಕೋರ್ಸುಗಳು ಇವೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಕೇಂದ್ರಗಳು ಶಿಕ್ಷಕರಿಗೆ ಇನ್ನೊಂದು ಭಾರತೀಯ ಭಾಷೆಯನ್ನು ಹತ್ತು ತಿಂಗಳಲ್ಲಿ ಕಲಿಸುತ್ತ ಬಂದಿವೆ: ಮೈಸೂರಿನಲ್ಲಿ ಕನ್ನಡ, ಪುಣೆಯಲ್ಲಿ ಮರಾಠಿ. ಪಿಯುಸಿ ಮುಗಿಸಿದ ಹುಡುಗಿಗೆ ನನ್ನ ಸಲಹೆ ಇಷ್ಟು: ಮೊದಲು ನರ್ಸಿಂಗ್, ಕಾನೂನು, ಸಮಾಜಕಾರ್ಯ, ಶಿಕ್ಷಣ ಹೀಗೆ ಯಾವುದಾದರೂ ಒಂದರಲ್ಲಿ ಗಟ್ಟಿ ಪದವಿ ಮಾಡು, ಅದರ ಮೇಲೆ ಅನುವಾದ ಅಥವಾ ಭಾಷಾವಿಜ್ಞಾನ ಓದು. ವಿಷಯ ತಿಳಿಯದ ಅನುವಾದಕರಿಗೆ ಕೂಲಿ ಕಡಿಮೆ.

ಹೊರಗಿನ ಒಂದು ಮಾದರಿ ಮಾತ್ರ ನೋಡಲೇಬೇಕು. ಜರ್ಮನಿ ಪೋಲೆಂಡ್ ಗಡಿಯಲ್ಲಿ, ಓಡರ್ ನದಿಯ ದಂಡೆಯ ಫ್ರಾಂಕ್‌ಫರ್ಟ್‌ನಲ್ಲಿ 1991ರಲ್ಲಿ ವಿಯಾಡ್ರಿನಾ ವಿಶ್ವವಿದ್ಯಾಲಯ ಕಟ್ಟಿದರು. ಎರಡನೇ ಮಹಾಯುದ್ಧದ ಗಾಯ ಹೊತ್ತ ಎರಡು ದೇಶಗಳ ನಡುವಿನ ಜಾಗ ಅದು. ಆ ಗಡಿಯನ್ನೇ ಅವರು ಪಾಠದ ವಿಷಯ ಮಾಡಿಕೊಂಡರು. ನದಿಯಾಚೆ ಪೋಲೆಂಡಿನ ಸ್ಲುಬಿತ್ಸೆ ಪಟ್ಟಣದಲ್ಲಿ ಪೋಜ್ನಾನ್ ವಿಶ್ವವಿದ್ಯಾಲಯದ ಜೊತೆ ಸೇರಿ ಇನ್ನೊಂದು ಸಂಸ್ಥೆ ನಡೆಸುತ್ತಾರೆ.

ಬೆಳಗಾವಿಗೆ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಅಲ್ಲಿ ಕನ್ನಡ ವಿಭಾಗ ಇದೆ, ಮರಾಠಿ ವಿಭಾಗ ಇದೆ, ಇಂಗ್ಲಿಷ್ ವಿಭಾಗ ಇದೆ. ಕನ್ನಡ ಮರಾಠಿ ದುಭಾಷಿಗಳಿಗೆ ಒಂದು ವರ್ಷದ ಡಿಪ್ಲೊಮಾ, ಅದರಲ್ಲಿ ಅರ್ಧ ಸಮಯ ಆಸ್ಪತ್ರೆ, ನ್ಯಾಯಾಲಯ, ತಾಲ್ಲೂಕು ಕಚೇರಿಗಳಲ್ಲಿ ತರಬೇತಿ: ಇಷ್ಟಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮೂರೂ ವಿಭಾಗದವರು ಒಂದೇ ಮೇಜಿಗೆ ಕೂತು ಪಠ್ಯಕ್ರಮ ಬರೆಯಬೇಕು, ಮೊದಲ ತಂಡಕ್ಕೆ ಖಾನಾಪುರದಿಂದ ಹತ್ತು ಮಕ್ಕಳನ್ನಾದರೂ ಆರಿಸಿಕೊಳ್ಳಬೇಕು.